ಕೊಂಬು ಹೋಗಿ ಎತ್ವ ಬಂದಾಗ

ನನ್ನ ತಂಗಿಯ ಮಗಳು ಸಂಪಿಗೆ ರಸ್ತೆಯ ಮಾಲ್‌ನಿಂದ ತಂದ ಜಪಾನಿ ಚಿತ್ರಕಥೆಯ ಮೊದಲ ಸಂಪುಟವನ್ನು ಕೈಗೆತ್ತಿಕೊಂಡ ಐದೇ ನಿಮಿಷಕ್ಕೆ ನಾನು ಅದರಲ್ಲಿ ತಪ್ಪು ಹುಡುಕಿದೆ. ಬೈಂಡಿಂಗ್ ಉಲ್ಟಾ ಆಗಿದೆ, ಹೋಗಿ ಬದಲಾಯಿಸಿಕೊಂಡು ಬಾ ಎಂದೆ. ಅವಳು ಚಾಪೆಯ ಮೇಲೆ ಬಿದ್ದು ಬಿದ್ದು ನಕ್ಕಳು. ಅದನ್ನು ಬಲದಿಂದ ಎಡಕ್ಕೆ ಓದಬೇಕಂತೆ, ನಾವು ಕೊನೆಯ ಪುಟ ಎನ್ನುವುದೇ ಅವರಿಗೆ ಮೊದಲ ಪುಟವಂತೆ, ಅಂಥ ಪುಸ್ತಕಕ್ಕೆ ಮಾಂಗಾ ಅನ್ನುತ್ತಾರಂತೆ. ನಮ್ಮ ಪಕ್ಕದ ಮನೆಯ ತಮಿಳಿನವರಿಗೆ ಮಾಂಗಾ ಎಂದರೆ ಮಾವಿನಕಾಯಿ, ಅದಾದರೆ ಉಪ್ಪು ಖಾರ ಹಚ್ಚಿಕೊಂಡು ತಿನ್ನಬಹುದಿತ್ತು ಎಂದು ಗೊಣಗಿ ಪುಸ್ತಕ ತಿರುಗಿಸಿ ಹಿಡಿದೆ.

ನನಗಂತೂ ಹೀಗೆ ಆಗಬಾರದಿತ್ತು. ನಾನು ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ನಮ್ಮಪ್ಪ ಇದೇ ಪೇಟೆಯಲ್ಲಿ ಸೀಸದ ಮೊಳೆ ಜೋಡಿಸುತ್ತಿದ್ದವರು. ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ, ಕಾಗದದ ಮೇಲೆ ಒತ್ತಿದಾಗಲೇ ಸರಿಯಾಗುವುದು. ಅಪ್ಪ ಆ ತಿರುಗಿದ ಅಕ್ಷರವನ್ನು ನಾವು ಪೇಪರ್ ಓದುವಷ್ಟೇ ಸಲೀಸಾಗಿ ಓದುತ್ತಿದ್ದರು. ಅಂಥವರ ಮಗಳಾದ ನನಗೆ ಹೋಟೆಲಿನ ಬೋರ್ಡಾಗಲಿ ದೇವಸ್ಥಾನದ ಫಲಕವಾಗಲಿ, ಮೊದಲು ಕಣ್ಣಿಗೆ ಬೀಳುವುದು ತಪ್ಪೇ. ತಂಗಿಯ ಮಗಳು ಚಿಕ್ಕವಳಿದ್ದಾಗ ನಮ್ಮ ದೊಡ್ಡಮ್ಮ ಕರಡಿ ತಿದ್ದುತ್ತಾಳೆ ಎಂದು ಶಾಲೆಯಲ್ಲಿ ಹೇಳಿಬಂದಿದ್ದಳು. ನನ್ನ ಸಿಟ್ಟನ್ನು ಬಲ್ಲವರು ಅದರಲ್ಲಿ ತಪ್ಪೇನಿದೆ ಎಂದು ಈಗಲೂ ಕೇಳುತ್ತಾರೆ.

ಪುಸ್ತಕ ತಿರುಗಿಸಿದೆನೇ ಹೊರತು ಕಣ್ಣನ್ನು ತಿರುಗಿಸಲಿಲ್ಲ. ಪುಟದೊಳಗಿನ ಚೌಕಗಳನ್ನು ರೂಢಿಯಂತೆ ಎಡದಿಂದಲೇ ಓದಿಕೊಂಡು ಹೋದೆ. ಅದರಿಂದ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬರುತ್ತಿತ್ತು, ಒಬ್ಬನ ಮಾತು ಇನ್ನೊಬ್ಬನಿಗೆ ಅಂಟಿಕೊಳ್ಳುತ್ತಿತ್ತು. ಕಥೆ ಇಷ್ಟು. ಸಮುದ್ರದ ಪಕ್ಕದ ಊರಿನಲ್ಲಿ ಒಬ್ಬ ಔಷಧಿ ಅಂಗಡಿಯವನು. ಬಲು ಸಭ್ಯ, ಮುದುಕರ ಮನೆಗೆ ತಾನೇ ಹೋಗಿ ಮಾತ್ರೆ ಕೊಟ್ಟುಬರುವವನು. ಹೆಂಡತಿ ಮಕ್ಕಳನ್ನು ಬಡಿಯುವ ಗಂಡಸರು ಮಾತ್ರ ಇವನ ಔಷಧಿ ಕುಡಿದು ಒಬ್ಬೊಬ್ಬರಾಗಿ ಸಾಯುತ್ತಾರೆ. ಅವನ ಬೆನ್ನು ಹತ್ತಿದವನು ಒಬ್ಬ ಇನ್ಸ್‌ಪೆಕ್ಟರ್. ಕೈಗೆತ್ತಿಕೊಂಡ ಕೇಸಿನಲ್ಲಿ ಒಮ್ಮೆಯೂ ತಪ್ಪದವನೆಂದು ಊರಲ್ಲೆಲ್ಲ ಹೆಸರು. ನಾನು ಓದಿದ ಕ್ರಮದಲ್ಲಿ ಕೊಲೆಗಾರ ಇನ್ಸ್‌ಪೆಕ್ಟರೇ ಆಗಿದ್ದ. ಎರಡನೇ ಸಂಪುಟ ಅರ್ಧ ಮುಗಿಯುವವರೆಗೂ ಅವನನ್ನು ಬಾಯಿಗೆ ಬಂದಂತೆ ಬೈದುಕೊಂಡು ಓದಿದೆ.

ಆ ಹುಡುಗಿ ಮತ್ತೆ ಚಾಪೆಗೆ ಬಿದ್ದಳು. ಎದ್ದು ಕೂತು ಕಣ್ಣೊರೆಸಿಕೊಂಡು, “ದೊಡ್ಡಮ್ಮ, ನೀನು ಓದಿರೋದು ತಪ್ಪು. ಆದ್ರೆ ಪೂರ್ತಿ ತಪ್ಪಲ್ಲ,” ಎಂದಳು. ಆಮೇಲೆ ಸರಿಯಾದ ದಿಕ್ಕಿನಿಂದ ತೋರಿಸಿದಳು. ಇಬ್ಬರೂ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಹೊರಡುವ ಮುಂಚೆ ಇಬ್ಬರೂ ಬಾಗಿಲ ಬೀಗವನ್ನು ಮೂರು ಸಲ ಎಳೆದು ನೋಡುತ್ತಾರೆ. ಒಬ್ಬನ ಚಿತ್ರ ಬಲ ಪುಟದಲ್ಲಿದ್ದರೆ ಅದೇ ಭಂಗಿಯಲ್ಲಿ ಇನ್ನೊಬ್ಬ ಎಡ ಪುಟದಲ್ಲಿ. ನಮ್ಮಪ್ಪನ ಮೊಳೆ ಮತ್ತು ಅಚ್ಚಾದ ಅಕ್ಷರ ಇದ್ದಂತೆ ಇದ್ದರು ಇಬ್ಬರೂ. ನನಗೆ ಹುಚ್ಚು ಹಿಡಿಯಿತು. ಐವತ್ತನಾಲ್ಕನೇ ವಯಸ್ಸಿನಲ್ಲಿ, ಬೆಳಗಿನ ಹಾಲು ಉಕ್ಕಿ ಒಲೆಯೆಲ್ಲ ಹರಿದರೂ ಲೆಕ್ಕಿಸದೆ, ನಾಲ್ಕು ಸಂಪುಟ ಓದಿ ಮುಗಿಸಿದೆ. ಅವಳು ಮತ್ತಿಕೆರೆಯ ಪೀಜಿಯಿಂದ ಪ್ರತಿ ಭಾನುವಾರ ಹೊಸ ಸಂಪುಟ ತರುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಅವಳ ಚೀಲಕ್ಕೆ ಕೈ ಹಾಕುತ್ತಿದ್ದೆ.

ಹೀಗಿರುವಾಗ ಅವಳಿಗೊಂದು ಕೆಲಸ ಬಿತ್ತು. ಕಾಲೇಜಿನ ಕನ್ನಡ ಸಂಘದಲ್ಲಿ ಈ ಎರಡು ಪಾತ್ರಗಳ ಹೋಲಿಕೆಯ ಬಗ್ಗೆ ಮಾತಾಡಬೇಕು, ಕೆಲವು ಸಂಭಾಷಣೆಗಳನ್ನು ಕನ್ನಡದಲ್ಲಿ ಓದಬೇಕು, ಜೊತೆಗೆ ಹದಿನಾರು ಪುಟದ ಕಿರುಹೊತ್ತಿಗೆ ಹಂಚಬೇಕು. ಇಂಗ್ಲಿಷಿನಲ್ಲಿದ್ದದ್ದನ್ನು ನಾನು ಕನ್ನಡ ಮಾಡಬೇಕು, ನಮ್ಮ ಪ್ರೆಸ್ಸಿನಲ್ಲಿ ಆಂಟಿ ಟೈಪ್ ಮಾಡಬೇಕು, ಕರಡು ನಾನೇ ನೋಡಬೇಕು ಎಂದು ಅವಳೇ ಎಲ್ಲ ತೀರ್ಮಾನ ಮಾಡಿ ಮುಗಿಸಿದ್ದಳು. ಆಂಟಿ ಎಂದ ಕೂಡಲೇ ನನ್ನ ಉತ್ಸಾಹ ಅರ್ಧ ಇಳಿಯಿತು. ಆಂಟಿಯೂ ನಾನೂ ಮಾತು ಬಿಟ್ಟು ಎಂಟು ತಿಂಗಳಾಗಿತ್ತು.

ಆಂಟಿ ಎಂದರೆ ನನ್ನ ಗೆಳತಿ. ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಆಚೆ ಈಚೆ ಕೂತವರು ನಾವು. ಅವಳು ಟೈಪ್ ಮಾಡುತ್ತಾಳೆ, ನಾನು ಕೆಂಪು ಪೆನ್ನು ಹಿಡಿದು ತಿದ್ದುತ್ತೇನೆ, ಅವಳು ಬೈದುಕೊಂಡು ಸರಿಮಾಡುತ್ತಾಳೆ. ಕೊನೆಯ ಪ್ರತಿಯ ಮೇಲೆ ನಾನು ‘ಸರಿ ಇದೆ’ ಎಂದು ಬರೆದು ರುಜು ಹಾಕಿದರೆ ಅದು ಅಚ್ಚಿಗೆ ಹೋಗುತ್ತದೆ. ಅವಳ ಡಬ್ಬಿಯ ಚಿತ್ರಾನ್ನ ನನ್ನದು, ನನ್ನ ಡಬ್ಬಿಯ ಬಸ್ಸಾರು ಅವಳದು. ಅವಳು ನನ್ನನ್ನು ಕರೆಯುತ್ತಿದ್ದದ್ದು ‘ಏನೇ’ ಎಂದು, ನಾನು ಅವಳನ್ನು ‘ಲೇ’ ಎಂದು.

ಎಂಟು ತಿಂಗಳ ಹಿಂದೆ ಒಂದು ಲಗ್ನಪತ್ರಿಕೆ ಬಂತು. ಬಂಗಾರದ ಅಕ್ಷರದಲ್ಲಿ ಒಂದು ಕಡೆ ‘ವಧು’, ಇನ್ನೊಂದು ಕಡೆ ‘ವರ’. ಅದು ಅಚ್ಚಾಗಿ ಹೋಯಿತು. ಹುಡುಗಿಯ ಮನೆಯವರು ಪದ್ಧತಿಯಂತೆ ಮೊದಲ ಪತ್ರಿಕೆಯ ನಾಲ್ಕು ಮೂಲೆಗೂ ಅರಿಸಿನ ಹಚ್ಚಿ ದೇವರ ಮುಂದೆ ಇಟ್ಟರು. ಮದುಮಗಳ ಅಜ್ಜಿ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ‘ವಧು’ ಇರಬೇಕಾದ ಕಡೆ ‘ವಧೆ’ ಎಂದಿತ್ತು. ಧಕಾರದ ಕೊಂಬು ಹೋಗಿ ಎತ್ವ ಬಂದು ಕೂತಿತ್ತು, ಅದರ ಕೆಳಗೆ ಆ ಹುಡುಗಿಯ ಹೆಸರು.

ಅರ್ಧ ಗಂಟೆಯಲ್ಲಿ ಆಟೋದಲ್ಲಿ ಪತ್ರಿಕೆಯ ಡಬ್ಬಗಳ ಸಮೇತ ಇಡೀ ಮನೆತನ ಪ್ರೆಸ್ಸಿಗೆ ಬಂದಿಳಿಯಿತು. ಅಜ್ಜಿ ಅಳುತ್ತಿದ್ದರು, ಸೋದರಮಾವ ಕೂಗಾಡುತ್ತಿದ್ದರು. ಮದುಮಗಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಇರೋದನ್ನೇ ತಾನೆ ಹಾಕಿದ್ದಾರೆ ಬಿಡಿ ಎಂದಳು. ಪ್ರೆಸ್ಸಿನ ಯಜಮಾನರು ವಿಭೂತಿಯ ಹಣೆ ಬೆವರುವಂತೆ ಕೈಮುಗಿದು, ನಾಳೆಯೇ ಹೊಸದು ಹಾಕಿಕೊಡುತ್ತೇನೆ ಎಂದು ಅವರನ್ನು ಸಾಗಹಾಕಿ ನಮ್ಮಿಬ್ಬರ ಕಡೆ ತಿರುಗಿದರು. ನಾನು ತಿದ್ದಿದ್ದೆ, ಇವಳು ಕಂಪ್ಯೂಟರಿನಲ್ಲಿ ಸರಿಮಾಡಲಿಲ್ಲ ಎಂದು ನಾನು ಹೇಳಿದೆ. ನನಗೆ ಅದು ಖಂಡಿತ ಎನ್ನಿಸಿತ್ತು. ಅಂಥ ತಪ್ಪನ್ನು ನಾನು ಬಿಡಲು ಸಾಧ್ಯವೇ? ತಿದ್ದಿದ ಗುರುತೇ ಇರಲಿಲ್ಲ ಎಂದು ಅವಳು ಹೇಳಿದಳು. ಆ ಕೊನೆಯ ಪ್ರತಿ ಹುಡುಕಿದರೆ ಸಿಗಲಿಲ್ಲ. ಯಜಮಾನರು ನನ್ನ ಮಾತು ನಂಬಿ ಅವಳನ್ನು ಬೈದರು. ಒಮ್ಮೆಯೂ ತಪ್ಪದವಳೆಂದು ನನಗೂ ಹೆಸರಿತ್ತಲ್ಲ.

ಅವಳು ಜಗಳ ಆಡಲಿಲ್ಲ. ಮರುದಿನ ಬೆಳಿಗ್ಗೆ ಬಂದು, “ಸ್ವಲ್ಪ ಆ ಸ್ಟೇಪ್ಲರ್ ಕೊಡ್ತೀರಾ?” ಎಂದಳು. ಕೊಡ್ತೀಯಾ ಅಲ್ಲ, ಕೊಡ್ತೀರಾ. ಕನ್ನಡದಲ್ಲಿ ಮರ್ಯಾದೆ ಕೊಟ್ಟು ಸಾಯಿಸುವುದು ಎಂದರೇನೆಂದು ನನಗೆ ಆವತ್ತು ತಿಳಿಯಿತು. ‘ಲೇ’ ಎಂದು ಕರೆಯಲು ಬಾಯಿ ತೆರೆದವಳು ಮುಚ್ಚಿಕೊಂಡು ನಾನೂ ‘ತೊಗೊಳ್ಳಿ’ ಎಂದೆ. ಅಂದಿನಿಂದ ಎಂಟು ತಿಂಗಳು ನಾವು ಹೊಸದಾಗಿ ನೆಂಟಸ್ತನ ಬೆಳೆಸಿದ ಬೀಗಿತ್ತಿಯರ ಹಾಗೆ ಬನ್ನಿ ಹೋಗಿ ಎಂದುಕೊಂಡು ಬೇರೆ ಬೇರೆ ಡಬ್ಬಿ ತೆಗೆದು ಉಂಡೆವು. ತಂಗಿಯ ಮಗಳು ಕೆಲಸ ತಂದ ವಾರವೇ, ಈ ತಿಂಗಳ ಕೊನೆಗೆ ಬಿಡುತ್ತೇನೆ, ಬೇರೆ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿದೆ ಎಂದು ನನ್ನ ಗೆಳತಿ ಯಜಮಾನರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಇನ್ನು ಹದಿನೆಂಟು ದಿನ ಇತ್ತು. ಆ ಕುರ್ಚಿಯಲ್ಲಿ ಬೇರೆ ಯಾರನ್ನೂ ನಾನು ಎಣಿಸಿಕೊಂಡಿರಲಿಲ್ಲ.

ಹೀಗೆ ಮಾತು ಬಿಟ್ಟ ಇಬ್ಬರು ಹೆಂಗಸರ ನಡುವೆ ಒಬ್ಬ ಕೊಲೆಗಾರ, ಒಬ್ಬ ಇನ್ಸ್‌ಪೆಕ್ಟರ್ ಬಂದು ಕೂತರು. ತೊಂದರೆ ಶುರುವಾದದ್ದು ಒಂದು ಚಿಕ್ಕ ಪದದಿಂದ. ಇಂಗ್ಲಿಷಿನವರು ಅಜ್ಜನಿಗೂ ನಾಯಿಗೂ ಒಂದೇ ‘ಯೂ’ ಎಂದು ಆರಾಮಾಗಿರುತ್ತಾರೆ. ನಾವು ಹಾಗೆ ತಪ್ಪಿಸಿಕೊಳ್ಳುವಂತಿಲ್ಲ, ಬಾಯಿ ತೆರೆಯುವ ಮೊದಲೇ ನೀನೋ ನೀವೋ ತೀರ್ಮಾನಿಸಬೇಕು. ನಾನು ಇನ್ಸ್‌ಪೆಕ್ಟರ್ ಬಾಯಲ್ಲಿ ‘ನೀನು’ ಹಾಕಿ, ಔಷಧಿ ಅಂಗಡಿಯವನ ಬಾಯಲ್ಲಿ ‘ನೀವು’ ಹಾಕಿ ಬರೆದುಕೊಟ್ಟೆ. ಟೈಪಾಗಿ ಬಂದ ಕರಡಿನಲ್ಲಿ ಇನ್ಸ್‌ಪೆಕ್ಟರೂ ‘ನೀವು’ ಎನ್ನುತ್ತಿದ್ದ.

ಕೈತಪ್ಪು ಎಂದುಕೊಂಡು ಎಲ್ಲವನ್ನೂ ಕೆಂಪಿನಲ್ಲಿ ತಿದ್ದಿ ಕಳಿಸಿದೆ. ಎರಡನೇ ಕರಡೂ ಹಾಗೇ ಬಂತು. ನನಗೆ ರೇಗಿತು. ಪೊಲೀಸರು ಯಾವ ಊರಿನಲ್ಲಿ ಆರೋಪಿಗೆ ನೀವು ಅನ್ನುತ್ತಾರೆ ಎಂದು ಅಂಚಿನಲ್ಲಿ ಬರೆದೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಉತ್ತರ ಬಂತು: ‘ತುಂಬಾ ಸಿಟ್ಟು ಬಂದರೆ ಕೆಲವರು ನೀವು ಅನ್ನುತ್ತಾರೆ.’ ನಾನು ಅದನ್ನು ಓದಿ ಮೇಜಿನ ಆಚೆ ನೋಡಿದೆ. ಅವಳು ಮಾನಿಟರಿನ ಹಿಂದೆ ಮುಖ ಮುಚ್ಚಿಕೊಂಡು ಗೃಹಪ್ರವೇಶದ ಕಾರ್ಡು ಟೈಪ್ ಮಾಡುತ್ತಿದ್ದಳು. ಇನ್ಸ್‌ಪೆಕ್ಟರಿಗೆ ಸಿಟ್ಟಿಲ್ಲ, ಅವನು ಕರ್ತವ್ಯ ಮಾಡುತ್ತಿದ್ದಾನೆ ಎಂದು ಬರೆದೆ. ಕರ್ತವ್ಯ ಮಾಡುವವನು ಬೀಗವನ್ನು ಮೂರು ಸಲ ಯಾಕೆ ಎಳೆಯುತ್ತಾನೆ ಎಂದು ಪೆನ್ಸಿಲು ಕೇಳಿತು. ಅಂದರೆ ಅವಳೂ ಪುಸ್ತಕ ಓದುತ್ತಿದ್ದಳು! ತಂಗಿಯ ಮಗಳು ಗುಟ್ಟಾಗಿ ಅವಳಿಗೂ ಸಂಪುಟಗಳನ್ನು ಕೊಟ್ಟಿದ್ದಳು. ನಾನು ಭಾನುವಾರ ಚೀಲದಿಂದ ಕಿತ್ತುಕೊಳ್ಳುತ್ತಿದ್ದವು ಅವಳು ಓದಿ ಮುಗಿಸಿದ ಪ್ರತಿಗಳು. ಎಂಟು ತಿಂಗಳಲ್ಲಿ ಮೊದಲ ಸಲ ನಾವು ಮನಸಾರೆ ಕಿತ್ತಾಡುತ್ತಿದ್ದೆವು. ನಾಚಿಕೆ ಬಿಟ್ಟು ಹೇಳುತ್ತೇನೆ, ಬೆಳಿಗ್ಗೆ ಕರಡಿನ ಅಂಚು ನೋಡುವ ಆಸೆಗೆ ನಾನು ಒಂಬತ್ತೂವರೆಯ ಕೆಲಸಕ್ಕೆ ಒಂಬತ್ತಕ್ಕೇ ಹೋಗುತ್ತಿದ್ದೆ.

ಐದನೇ ಸಂಪುಟ ನನ್ನ ಕುಣಿತಕ್ಕೆ ಕಡಿವಾಣ ಹಾಕಿತು. ಅದರಲ್ಲಿ ಇನ್ಸ್‌ಪೆಕ್ಟರಿಗೆ ಹಳೆಯ ಫೈಲಿನಲ್ಲಿ ಒಂದು ಹಾಳೆ ಸಿಗುತ್ತದೆ. ತಾನು ಹಿಂದೊಮ್ಮೆ ಜೈಲಿಗೆ ಕಳಿಸಿದವನು ತಪ್ಪು ಮಾಡಿರಲಿಲ್ಲ ಎಂದು ಅದು ಹೇಳುತ್ತದೆ. ಅವನು ಅದನ್ನು ಮಡಚಿ ಕೋಟಿನೊಳಗೆ ಇಟ್ಟುಕೊಂಡು ಮನೆಗೆ ಹೋಗಿ ಟೀ ಕುಡಿಯುತ್ತಾನೆ, ಎರಡೂ ಕೈಯಲ್ಲಿ ಲೋಟ ಹಿಡಿದು. ಅವನೇನು ಬೇಕೆಂದು ಮಾಡಿದನೇ, ಆಗಿಹೋದದ್ದಲ್ಲವೇ ಎಂದು ನಾನು ಅವನ ಪರ ವಾದಿಸಿದೆ. ತಂಗಿಯ ಮಗಳು, ಆಗಿದ್ದು ತಪ್ಪು, ಮುಚ್ಚಿಟ್ಟದ್ದು ಅವನ ಆಯ್ಕೆ, ಅಲ್ಲಿಂದಲೇ ಅವನೂ ಅಂಗಡಿಯವನೂ ಒಂದೇ ಆಗುವುದು ಎಂದಳು. ಅದೇ ಅವಳ ಭಾಷಣದ ಮುಖ್ಯ ಅಂಶವಂತೆ. ನಾನು ಕುಕ್ಕರ್ ನೋಡಿ ಬರುತ್ತೇನೆಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ.

ಈಗ ಹೇಳಿಬಿಡುತ್ತೇನೆ. ಆ ಲಗ್ನಪತ್ರಿಕೆಯ ಕೊನೆಯ ಪ್ರತಿ ನನ್ನ ಹತ್ತಿರವೇ ಇತ್ತು. ಗಲಾಟೆಯಾದ ದಿನ ಸಂಜೆ ಮನೆಗೆ ಬಂದು ಊಟದ ಚೀಲ ತೊಳೆಯಲು ತೆಗೆದರೆ ತಳದಲ್ಲಿ ಮಡಚಿದ ಹಾಳೆ. ಅಚ್ಚಿಗೆ ಕಳಿಸಿದ ದಿನ ಸಾರಿನ ಡಬ್ಬಿ ಸೋರದಿರಲಿ ಎಂದು ಕೈಗೆ ಸಿಕ್ಕಿದ ಕಾಗದ ಹಾಸಿದ್ದೆ, ಅದು ಅದೇ ಆಗಿತ್ತು. ನೀಟಾಗಿ ‘ವಧೆ’ ಎಂದಿತ್ತು. ಅದರ ಮೇಲೆ ಕೆಂಪಿನಲ್ಲಿ ನನ್ನದೇ ಕೈಬರಹದಲ್ಲಿ ‘ಸರಿ ಇದೆ’, ಕೆಳಗೆ ರುಜು. ಒಂದು ತಿದ್ದುಪಡಿಯೂ ಇರಲಿಲ್ಲ. ಟೈಪ್ ಮಾಡಿದ್ದು ಅವಳ ತಪ್ಪು, ಕಣ್ಣೆದುರಿಗಿದ್ದದ್ದನ್ನು ಬಿಟ್ಟದ್ದು ನನ್ನ ತಪ್ಪು. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಅವಳು ‘ಕೊಡ್ತೀರಾ’ ಎಂದಳು, ನನಗೆ ಮೂಗಿನ ತುದಿಗೆ ಕೋಪ ಬಂತು, ನಾಡಿದ್ದು ಎಂದುಕೊಂಡೆ. ಆ ನಾಡಿದ್ದು ಎಂಟು ತಿಂಗಳಾಗಿತ್ತು. ಹಾಳೆಯನ್ನು ಹರಿಯಲೂ ಮನಸ್ಸು ಬರಲಿಲ್ಲ. ಮನೆಯ ದಪ್ಪ ನಿಘಂಟಿನೊಳಗೆ ಇಟ್ಟಿದ್ದೆ, ಎಲ್ಲವನ್ನೂ ಅಕಾರಾದಿಯಲ್ಲಿ ಇಡುವ ಚಟದಿಂದ ‘ವ’ ಅಕ್ಷರದಲ್ಲಿ.

ಆರನೇ ಸಂಪುಟದ ಕೊನೆಯಲ್ಲಿ ರೈಲ್ವೆ ಸ್ಟೇಷನ್ನಿನ ದೃಶ್ಯ ಬರುತ್ತದೆ. ಕೊಲೆಗಾರನೂ ಇನ್ಸ್‌ಪೆಕ್ಟರೂ ಒಂದೇ ಬೆಂಚಿನಲ್ಲಿ ಕೂತಿದ್ದಾರೆ. ಆ ಹಾಳೆಯ ವಿಷಯ ಅಂಗಡಿಯವನಿಗೆ ತಿಳಿದಿದೆ. ನಿನಗೆ ಗೊತ್ತಿತ್ತು ಎಂದು ಒಬ್ಬ ಹೇಳುತ್ತಾನೆ. ಅದೇ ಎರಡು ಪದವನ್ನು ಇನ್ನೊಬ್ಬ ತಿರುಗಿ ಹೇಳುತ್ತಾನೆ. ಇಂಗ್ಲಿಷಿನಲ್ಲಿ ಒಂದಕ್ಷರವೂ ವ್ಯತ್ಯಾಸವಿಲ್ಲ. ನಾನು ಒಂದಕ್ಕೆ ‘ನಿನಗೆ’, ಒಂದಕ್ಕೆ ‘ನಿಮಗೆ’ ಹಾಕಿದ್ದೆ. ಮೂರನೇ ಕರಡಿನಲ್ಲಿ ನನ್ನ ಗೆಳತಿ ಎರಡಕ್ಕೂ ‘ನಿಮಗೆ’ ಟೈಪ್ ಮಾಡಿ, ‘ಇವರಲ್ಲಿ ಯಾರು ಮೇಲು ಅಂತ ನೀವು ಹೇಗೆ ತೀರ್ಮಾನ ಮಾಡಿದಿರಿ?’ ಎಂದು ಅಂಚಿನಲ್ಲಿ ಬರೆದಿದ್ದಳು. ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು.

ಮರುದಿನ ನಿಘಂಟಿನಿಂದ ಹಾಳೆ ತೆಗೆದು ಚೀಲದಲ್ಲಿಟ್ಟುಕೊಂಡು ಹೋದೆ. ಮಧ್ಯಾಹ್ನದ ಊಟ ಮುಗಿದಿತ್ತು, ಯಜಮಾನರು ಕಾಗದ ತರಲು ಹೋಗಿದ್ದರು. ಕರಡಿನಲ್ಲಿ ಆ ಎರಡೂ ಕಡೆ ‘ನಿಮಗೆ’ ಹೊಡೆದು ‘ನಿನಗೆ’ ಎಂದು ತಿದ್ದಿದೆ. ಹದಿನಾರು ಪುಟದ ಹಿಂದೆ ಹದಿನೇಳನೆಯದಾಗಿ ಸಾರಿನ ಕಲೆಯ ಆ ಹಾಳೆಯನ್ನು ಸೇರಿಸಿ ಪಿನ್ ಹೊಡೆದು ಮೇಜಿನ ಆಚೆ ತಳ್ಳಿದೆ. ಅವಳು ಒಂದೊಂದೇ ಪುಟ ತಿರುಗಿಸಿದಳು. ಅಷ್ಟರಲ್ಲಿ ಕರೆಂಟು ಹೋಗಿ ಯುಪಿಎಸ್ ಕೀಂಕೀಂ ಅನ್ನತೊಡಗಿತು. ಅದನ್ನು ಆರಿಸಲು ಇಬ್ಬರೂ ಏಳಲಿಲ್ಲ. ಕೊನೆಯ ಹಾಳೆ ಬಂತು. ಅವಳು ‘ಸರಿ ಇದೆ’ ಎಂಬುದರ ಮೇಲೆ ಬೆರಳಿಟ್ಟಳು.

“ನಿಂಗೆ ಗೊತ್ತಿತ್ತು,” ಎಂದಳು.

ಪೂರ್ತಿ ನಿಜ ಹೇಳಬೇಕಲ್ಲ, ಆ ಕ್ಷಣ ನನಗೆ ಪಶ್ಚಾತ್ತಾಪ ಆಗಲಿಲ್ಲ. ಅವಳು ನಿಂಗೆ ಎಂದಳಲ್ಲ, ನಿಮಗೆ ಎನ್ನಲಿಲ್ಲವಲ್ಲ ಎಂಬ ಸಂತೋಷಕ್ಕೆ ತಲೆ ಗಿರ್ರೆಂದು ತಿರುಗಿತು. ಆಮೇಲೆ ಅಳು ಬಂತು. ಗೊತ್ತಿತ್ತು, ಆವತ್ತು ಸಂಜೆಯಿಂದಲೇ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ ಎಂದು ಮೂಗು ಒರೆಸಿಕೊಳ್ಳುತ್ತ ಒಪ್ಪಿಕೊಂಡೆ. ಯಜಮಾನರಿಗೂ ಇವತ್ತೇ ಹೇಳುತ್ತೇನೆ ಎಂದೆ. ಅವಳು ಎದ್ದು ಯುಪಿಎಸ್ ಆರಿಸಿ ಬಂದು ಕೂತಳು.

“ನಂಗೂ ಗೊತ್ತಿತ್ತು ಕಣೇ. ಅಚ್ಚಿನ ಪ್ಲೇಟಿಗೆ ಕಳಿಸೋವಾಗ್ಲೇ ವಧೆ ಅಂತ ಇರೋದು ಕಾಣಿಸ್ತು. ಒಂದ್ಸಲ ನೀನೂ ಸಿಕ್ಕಾಕ್ಕೊಳ್ಲಿ ಅಂತ ಬಿಟ್ಬಿಟ್ಟೆ,” ಎಂದಳು.

ಅವಳು ನಕ್ಕಳು. ಮೊದಲು ಮೂಗಿನಲ್ಲಿ ಶುರುವಾದದ್ದು ಹೊಟ್ಟೆಗೆ ಇಳಿಯಿತು, ಅದನ್ನು ನೋಡಿ ನನಗೂ ತಡೆಯಲಾಗಲಿಲ್ಲ. ಯಜಮಾನರು ಒಳಗೆ ಬಂದಾಗ ಕತ್ತಲ ಕೋಣೆಯಲ್ಲಿ ಇಬ್ಬರು ಹೆಂಗಸರು ಮೇಜಿನ ಮೇಲೆ ತಲೆಯಿಟ್ಟು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ನಿಂತುಬಿಟ್ಟರು. ನಾನು ಹಾಳೆ ತೋರಿಸಿ ತಪ್ಪು ನನ್ನದು ಎಂದೆ. ಅವಳು ಅಲ್ಲ ನನ್ನದು ಎಂದಳು. ಎಂಟು ತಿಂಗಳ ಕೆಳಗೆ ಇದೇ ಕೋಣೆಯಲ್ಲಿ ಇದೇ ಇಬ್ಬರು ಇದಕ್ಕೆ ತದ್ವಿರುದ್ಧವಾಗಿ ವಾದಿಸಿದ್ದನ್ನು ಕೇಳಿದ್ದ ಆ ಪುಣ್ಯಾತ್ಮರು ನನ್ನನ್ನು ಒಂದು ಗಳಿಗೆ ದುರುಗುಟ್ಟಿ ನೋಡಿದರು. ಅವಳಿಗೆ, ತಪ್ಪಾಯಿತಮ್ಮ, ಆವತ್ತು ನಾನೂ ವಿಚಾರಿಸದೆ ಮಾತಾಡಿದೆ ಎಂದರು. ಆಮೇಲೆ, ನೀವಿಬ್ಬರೂ ಸೇರಿ ಮೊದಲು ಆ ಗೃಹಪ್ರವೇಶದ ಕಾರ್ಡು ಮುಗಿಸಿ ಎಂದು ಹೇಳಿ ಹೊರಗೆ ಹೋದರು.

ಮನೆಗೆ ನಡೆದುಹೋಗುವಾಗ ನನಗೊಂದು ವಿಷಯ ಹೊಳೆಯಿತು. ಪತ್ರಿಕೆ ಪ್ಲೇಟಿಗೆ ಹೋದ ದಿನ ಅವಳು ನಾಲ್ಕು ಗಂಟೆಗೇ ಹೊರಟಿದ್ದಳು, ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಫೈಲು ಕಳಿಸಿದವರು ಯಜಮಾನರು, ಐದರ ಮೇಲೆ. ಹಾಗಿದ್ದರೆ ಕಳಿಸುವಾಗ ಅವಳಿಗೆ ಕಾಣಿಸಿದ್ದು ಹೇಗೆ? ಕಾಣಿಸಿರಲಿಲ್ಲ. ನಾನೊಬ್ಬಳೇ ತಲೆ ತಗ್ಗಿಸಿ ಕೂತಿರುವುದನ್ನು ನೋಡಲಾಗದೆ ತಾನೂ ಒಂದು ತಪ್ಪು ಕಟ್ಟಿಕೊಂಡು ಪಕ್ಕದಲ್ಲಿ ಬಂದು ಕೂತಿದ್ದಳು. ಇದನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ. ಸಾಕ್ಷ್ಯ ಮುಚ್ಚಿಡುವುದರಲ್ಲಿ ನಾನು ಪಳಗಿದವಳು, ಇದೊಂದನ್ನು ಸಂತೋಷವಾಗಿಯೇ ಮುಚ್ಚಿಟ್ಟಿದ್ದೇನೆ.

ತಂಗಿಯ ಮಗಳು ಆ ಸ್ಟೇಷನ್ನಿನ ದೃಶ್ಯ ಓದಿದಾಗ ನಾವಿಬ್ಬರೂ ಕಾಲೇಜಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಪೊಲೀಸನೂ ಕೊಲೆಗಾರನೂ ಏಕವಚನದಲ್ಲಿ ಮಾತಾಡುವುದು ಯಾಕೆ ಎಂದು ಒಬ್ಬ ಮೇಷ್ಟರು ಕೇಳಿದರು. ಒಬ್ಬರ ತಪ್ಪು ಒಬ್ಬರಿಗೆ ಗೊತ್ತಾದ ಮೇಲೆ ಬಹುವಚನ ಯಾಕೆ ಸಾರ್ ಎಂದು ಅವಳು ಹೇಳಿದಳು. ಆ ಉತ್ತರ ಅವಳದಲ್ಲ, ನನ್ನ ಗೆಳತಿ ಮೆಟ್ರೋದಲ್ಲಿ ಹೇಳಿಕೊಟ್ಟದ್ದು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ ಮುಂದಿನವರು ತಿರುಗಿ ನೋಡುವಂತೆ ಮಾಡಿದೆ.

ಒಂದನೇ ತಾರೀಕು ನಾನು ಎಂಟೂವರೆಗೇ ಹೋಗಿ ಎದುರಿನ ಕುರ್ಚಿಯನ್ನೇ ನೋಡುತ್ತ ಕೂತೆ. ಕೆಲಸ ಬಿಡುವುದಿಲ್ಲ ಎಂದು ಅವಳು ಹೇಳಿರಲಿಲ್ಲ, ಕೇಳಲು ನನಗೆ ಧೈರ್ಯ ಇರಲಿಲ್ಲ. ಒಂಬತ್ತೂವರೆ ಆಯಿತು, ಒಂಬತ್ತೂ ಮುಕ್ಕಾಲಾಯಿತು. ಆಮೇಲೆ ಅವಳು ಬಂದು, ಬಸ್ಸು ತಡವಾಯಿತು ಎಂದು ಗೊಣಗುತ್ತ ಚಿತ್ರಾನ್ನದ ಡಬ್ಬಿಯನ್ನು ನನ್ನ ಕಡೆ ತಳ್ಳಿ ಕಂಪ್ಯೂಟರ್ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಮಾನಿಟರಿನ ಪಕ್ಕದಿಂದ ತಲೆ ಹೊರಗೆ ಹಾಕಿದಳು.

“ಏನೇ, ಆ ಹಾಳೇನ ಎಲ್ಲಿಟ್ಟಿದ್ದೆ ಇಷ್ಟು ದಿನ?”

“ನಿಘಂಟಲ್ಲಿ. ವ ಅಕ್ಷರದಲ್ಲಿ.”

“ವಧು ಹತ್ರಾನೋ, ವಧೆ ಹತ್ರಾನೋ?”

“ಎರಡೂ ಒಂದೇ ಪುಟದಲ್ಲಿದೆ ಕಣೇ,” ಎಂದೆ.